ರೊಟ್ಟಿಯ ಕೆಳಗಿನ ಕೆನೆ, ಪರದೆಯ ಮೇಲಿನ ರಾಜ

ಮೊನ್ನೆ ನಾನೂ ನನ್ನ ಹೆಂಡತಿಯೂ ಗೋಕಾಕಿಗೆ ಹೋಗಿ ಮಾತಾಡುವ ಚಿತ್ರವೊಂದನ್ನು ನೋಡಿಕೊಂಡು ಬಂದೆವು. ಹಳೆಯ ಕಾಲದ ರಾಜರಾಣಿಯರ ಕಥೆ. ಅರಮನೆಯ ತೋಟದಲ್ಲಿ ರಾಜ ರಾಣಿಯ ಕೈ ಹಿಡಿದು ಚಂದ್ರ, ತಾವರೆ, ಜಿಂಕೆ, ಕೋಗಿಲೆ ಯಾವುದನ್ನೂ ಬಿಡದೆ ಒಂದೊಂದಾಗಿ ತಂದು ಅವಳ ಪಕ್ಕ ನಿಲ್ಲಿಸಿ ಹೋಲಿಸಿ ನೋಡಿದ. ಅಷ್ಟು ಹೊತ್ತೂ ನಾನು ಯೋಚಿಸುತ್ತಿದ್ದದ್ದು ಬೇರೆ. ಮನೆಗೆ ಕೀಲಿ ಹಾಕಿದ್ದೆನೋ ಇಲ್ಲವೋ, ಇಲ್ಲಿ ಬೆಂಕಿ ಹೊತ್ತಿದರೆ ಯಾವ ಬಾಗಿಲಿಂದ ಓಡಬೇಕು, ಓಡುವಾಗ ಇವಳ ಕೈ ಹಿಡಿದರೆ ಮಂದಿ ಏನೆಂದಾರು. ನನ್ನ ಸ್ವಭಾವವೇ ಅಂಥದ್ದು. ಚಿಂತೆಗೆ ಕಾರಣ ಸಿಗದಿದ್ದರೆ ಅದಕ್ಕೂ ಚಿಂತೆ ಮಾಡುತ್ತೇನೆ.

ಈಗ ಗಂಡಹೆಂಡತಿ ಒಂದೇ ಬೆಂಚಿನ ಮೇಲೆ ಕೂಡಬಹುದು. ಅವಳು ನನ್ನ ಕಡೆ ಬಾಗಿ ಮೆಲ್ಲಗೆ ಅಂದಳು: "ಈ ರಾಜಾ ಭಾಳ ಮಾತಾಡತಾನ್ರಿ. ನಮ್ಮ ರಾಜಾನ ಚಲೋ ಇದ್ದ."

ನಮ್ಮ ರಾಜನ ಬಗ್ಗೆ ಬರೆಯಬೇಕೆಂದು ಅಲ್ಲಿಯೇ ಅನ್ನಿಸಿತು. ಅವನ ಋಣ ನನ್ನ ಮೇಲಿದೆ.

ಚಿತ್ರಗಳಿಗೆ ಇನ್ನೂ ಬಾಯಿ ಬಂದಿರದ ಕಾಲ ಅದು. ನಾನು ಮೂಡಲಗಿಯ ಕನ್ನಡ ಶಾಲೆಯಲ್ಲಿ ಮಾಸ್ತರ. ಹುಕ್ಕೇರಿಯ ಹುಡುಗಿಯನ್ನು ತಂದು ನನಗೆ ಮದುವೆ ಮಾಡಿದ್ದರು. ಆಗಿನ ನಮ್ಮ ಮನೆಗಳಲ್ಲಿ ಹಿರಿಯರ ಮುಂದೆ ಗಂಡ ಹೆಂಡತಿಯನ್ನು ಮಾತಾಡಿಸುವುದೆಂದರೆ ತಲೆಗೆ ರುಮಾಲಿಲ್ಲದೆ ಪೇಟೆಗೆ ಹೋದ ಹಾಗೆ. ನಮ್ಮದೋ, ಒಂದು ಪಡಸಾಲೆ, ಒಂದು ಅಡುಗೆಮನೆ, ಒಂದು ಕೋಣೆ. ನಮ್ಮಿಬ್ಬರಿಗೆ ಕೋಣೆ ಸಿಗುತ್ತಿದ್ದದ್ದು ಆಗೊಮ್ಮೆ ಈಗೊಮ್ಮೆ, ಅದೂ ಗೋಡೆಯಾಚೆ ಅಪ್ಪ ಕೆಮ್ಮುತ್ತ ಎಚ್ಚರವಿರುವಾಗ. ಉಳಿದದ್ದಕ್ಕೆ ಹೇಗೋ ಜಾಗ ಸಿಕ್ಕಿತು ಅನ್ನಿ, ಮಾತಿಗೆ ಸಿಗಲಿಲ್ಲ.

ಆದರೆ ಅವಳು ಒಂದು ದಾರಿ ಕಂಡುಕೊಂಡಿದ್ದಳು. ಊಟಕ್ಕೆ ಕೂತಾಗ ನನ್ನ ತಾಟಿನಲ್ಲಿ ರೊಟ್ಟಿ ಹಾಕುವಳಲ್ಲ, ಆ ರೊಟ್ಟಿಯ ಕೆಳಗೆ ಒಂದಿಷ್ಟು ಕೆನೆ ಇರುತ್ತಿತ್ತು. ಬೆಣ್ಣೆಗೆಂದು ಅವ್ವ ಎತ್ತಿಟ್ಟ ಕೆನೆ. ಅದರಲ್ಲಿ ಕೈ ಹಾಕುವ ಅಧಿಕಾರ ಮನೆಯಲ್ಲಿ ಬೆಕ್ಕಿಗೂ ಇರಲಿಲ್ಲ. ನಾನು ರೊಟ್ಟಿಯ ತುದಿ ಎತ್ತಿ, ಮುರಿದು, ಯಾರಿಗೂ ಕಾಣದಂತೆ ಒರೆಸಿಕೊಂಡು ತಿನ್ನುತ್ತಿದ್ದೆ. ತಲೆ ಎತ್ತಿ ನೋಡುತ್ತಿರಲಿಲ್ಲ. ಖಾಲಿಯಾದ ತಾಟೇ ನನ್ನ ಉತ್ತರ. ಅವಳಿಗೆ ಅದು ಸಾಕಾಗುತ್ತಿತ್ತು ಎಂದು ಕಾಣುತ್ತದೆ. ಮರುದಿನ ಮತ್ತೆ ಕೆನೆ ಇರುತ್ತಿತ್ತು.

ನಾಗರ ಪಂಚಮಿಗೆ ಅವಳು ತವರಿಗೆ ಹೊರಡುವ ಹಿಂದಿನ ದಿನ ಎಂದಿಗಿಂತ ಹೆಚ್ಚು ಕೆನೆ ಇತ್ತು. ರೊಟ್ಟಿಯ ಅಂಚಿನಿಂದ ಹೊರಗೆ ಇಣುಕುವಷ್ಟು. ನಾನು ಇನ್ನೇನು ಮುರಿಯಬೇಕು, ಅವ್ವ ಬಾಗಿಲಲ್ಲಿ ಬಂದು ನಿಂತಳು. ಕಂಡರೆ ಇವಳಿಗೆ ಬೈಗಳ, ಅದೂ ತವರಿಗೆ ಹೋಗುವ ಹೊತ್ತಿಗೆ. ಇನ್ನೊಂದು ರೊಟ್ಟಿ ಅದರ ಮೇಲೆ ಮುಚ್ಚಿ, ತಾಟನ್ನು ದೂರ ಸರಿಸಿ, "ಹಸಿವಿಲ್ಲ" ಎಂದು ಎದ್ದುಬಿಟ್ಟೆ. ದೊಡ್ಡ ಉಪಾಯ ಮಾಡಿದೆನೆಂಬ ಹೆಮ್ಮೆಯಲ್ಲಿ ಶಾಲೆಗೆ ಹೋದೆ. ಆ ತಾಟನ್ನು ಎತ್ತಿದವಳು ಅವಳು. ಅವಳಿಗೆ ಕಂಡದ್ದು ಇಷ್ಟೇ: ಗಂಡ ಬೇಡವೆಂದು ಸರಿಸಿ ಹೋಗಿದ್ದಾನೆ.

ಪಂಚಮಿಗೆ ಹೋದವಳು ದೀಪಾವಳಿಗೆ ಬರಲಿಲ್ಲ, ಸಂಕ್ರಾಂತಿಗೂ ಬರಲಿಲ್ಲ. ಸೊಸೆಯನ್ನು ಕರೆದುತರುವುದು ಹಿರಿಯರ ಕೆಲಸ. ಅಪ್ಪ ಹುಕ್ಕೇರಿಗೆ ಹೋಗಿ ಬರಿಗೈಲಿ ಬಂದ. ಅಲ್ಲಿ ಅವಳ ಅಜ್ಜಿ, ಎಲ್ಲರೂ ಆಯಿ ಎನ್ನುವ ಮುದುಕಿ, ಬಾಗಿಲಲ್ಲಿ ಕೂತು ಒಂದೇ ಮಾತು ಹೇಳಿದ್ದಳಂತೆ: "ತಾಟು ಸರಿಸಿದವರ ಮನಿಗೆ ನಮ್ಮ ಹುಡುಗಿ ಬರಂಗಿಲ್ಲ."

"ಯಾವ ತಾಟೋ?" ಎಂದು ಅಪ್ಪ ನನ್ನನ್ನು ಕೇಳಿದ. "ತಾಟಿಂದೇನ ಕತಿ?"

ನನಗೆ ಆ ಕ್ಷಣವೇ ತಿಳಿಯಿತು. ಹೇಳಲು ಬಾಯಿ ತೆರೆದೆ. ಅಪ್ಪನ ಹಿಂದೆ ಅವ್ವ ನಿಂತಿದ್ದಳು. ತಾಟಿನ ಕಥೆ ಹೇಳಿದರೆ ಕೆನೆಯ ಕಥೆ ಹೇಳಬೇಕು.

"ನನಗೇನ ಗೊತ್ತಪ್ಪಾ," ಅಂದೆ.

"ರೋಹಿಣಿ ಮಳಿ ಬರೂದರೊಳಗ ಆಕಿ ಬರಲಿಲ್ಲಂದ್ರ ಬ್ಯಾರೆ ಕಡೆ ಹೆಣ್ಣ ನೋಡೂನು," ಎಂದು ಅಪ್ಪ ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದ. ಅವನು ಹೇಳಿದರೆ ಮಾಡುವವ.

ಅಂದಿನಿಂದ ನನ್ನ ನಿದ್ದೆ ಹೋಯಿತು. ಪತ್ರ ಬರೆಯೋಣವೆಂದರೆ ಅವಳಿಗೆ ಓದು ಬಾರದು; ಮಾವನವರೇ ಪಡಸಾಲೆಯಲ್ಲಿ ಕೂತು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ನಾನೇ ಹೋಗೋಣವೆಂದರೆ, ಹೆಂಡತಿಯನ್ನು ಕರೆಯಲು ಗಂಡ ತಾನೇ ಹೋದ ಉದಾಹರಣೆ ನಮ್ಮ ಕಡೆ ಇರಲಿಲ್ಲ. ಹೋದರೂ ಅವಳೊಡನೆ ಒಬ್ಬನೇ ಮಾತಾಡಲು ಯಾರು ಬಿಡುತ್ತಾರೆ?

ಬೇಸಿಗೆ ರಜೆ ಬಂತು. ಅದರ ಜೊತೆಗೆ ಗೋಕಾಕಿಗೆ ಚಿತ್ರದ ಡೇರೆಯೂ ಬಂತು. ಮೂಕ ಚಿತ್ರ, ನಡುನಡುವೆ ಪರದೆಯ ಮೇಲೆ ಬರುವ ಅಕ್ಷರ ನಮ್ಮವರಿಗೆ ತಿಳಿಯದ ಭಾಷೆಯಲ್ಲಿ. ಅದಕ್ಕಾಗಿ ಪರದೆಯ ಪಕ್ಕ ಒಬ್ಬ ನಿಂತು ಕಥೆಯನ್ನು ಕನ್ನಡದಲ್ಲಿ ಹೇಳಬೇಕು. ಹೇಳುವವನ ಗಂಟಲು ಕೆಟ್ಟು ಡೇರೆಯ ಮಾಲಕರು ಶಾಲೆಯ ಮಾಸ್ತರರನ್ನು ಹುಡುಕುತ್ತಿದ್ದರು. ದೊಡ್ಡ ಹೊಟ್ಟೆಯ, ಸದಾ ಎಲೆಅಡಿಕೆ ತಿನ್ನುವ ಮನುಷ್ಯ. ಗೋಕಾಕ, ಆಮೇಲೆ ಮೂಡಲಗಿ, ಆಮೇಲೆ ಹುಕ್ಕೇರಿ ಎಂದರು. ಹುಕ್ಕೇರಿ ಎಂದದ್ದೇ ನಾನು ಒಪ್ಪಿಕೊಂಡೆ. ಕರೆಯಲು ಹೋಗುವುದಲ್ಲ, ಕೆಲಸಕ್ಕೆ ಹೋಗುವುದು. ಅದಕ್ಕೆ ಯಾರೂ ಏನೂ ಅನ್ನುವಂತಿರಲಿಲ್ಲ. ಅಲ್ಲಿ ಹೋಗಿ ಏನು ಮಾಡುತ್ತೇನೆಂಬುದು ಮಾತ್ರ ನನಗೇ ಗೊತ್ತಿರಲಿಲ್ಲ.

ಕಥೆ ಸಾದಾ ಇತ್ತು. ಒಬ್ಬ ರಾಜ ಯುದ್ಧಕ್ಕೆ ಹೋಗುತ್ತಾನೆ. ಯಾರೋ ಹೇಳಿದ ಚಾಡಿಯಿಂದ ರಾಣಿ ಮುನಿಸಿಕೊಂಡು ತೋಟದ ಮನೆಗೆ ಹೋಗಿರುತ್ತಾಳೆ. ಗೆದ್ದು ಬಂದ ರಾಜ ಅಲ್ಲಿಗೆ ಹೋಗಿ ಏನೋ ಹೇಳುತ್ತಾನೆ, ಅವಳು ಏನೋ ಹೇಳುತ್ತಾಳೆ, ಅವನು ಅವಳ ಸೊಂಟ ಬಳಸಿ ಮುಖದ ಹತ್ತಿರ ಮುಖ ತರುತ್ತಾನೆ. ಆ ಜಾಗಕ್ಕೆ ಬಂದಾಗ ಮಾಲಕರು ಯಂತ್ರದ ಕಣ್ಣಿಗೆ ಅಂಗೈ ಅಡ್ಡ ಹಿಡಿದು ಡೇರೆಯನ್ನು ಕತ್ತಲೆ ಮಾಡುತ್ತಿದ್ದರು. "ಮಂದಿ ತಂದಿತಾಯಿ ಕರಕೊಂಡ ಬಂದಿರತಾರ್ರಿ ಮಾಸ್ತರ," ಎಂಬುದು ಅವರ ವಿವರಣೆ. ಆದರೆ ಸೊಂಟ ಬಳಸಿ ಮುಖ ಹತ್ತಿರ ತರುವವರೆಗೆ ಎಲ್ಲ ಕಾಣುತ್ತಿತ್ತು. ಆ ಭಾಗಕ್ಕೆ ಮಾತು ಕೊಡುವುದು ನನ್ನ ಪಾಲಿಗೆ.

ಗೋಕಾಕಿನ ಮೊದಲ ಆಟದಲ್ಲಿ ಆ ಜಾಗ ಬಂತು. "ಈಗ ಮಹಾರಾಜರು ರಾಣಿಯವರ ಜೊತೆ ರಾಜ್ಯದ ಕಂದಾಯದ ಬಗ್ಗೆ ಮಾತಾಡುತ್ತಿದ್ದಾರೆ," ಎಂದೆ.

ನೂಲಿನ ಗಿರಣಿಯ ಮಂದಿ ಮುಂದೆಯೇ ನೆಲದ ಮೇಲೆ ಕೂತಿದ್ದರು. ಒಬ್ಬ ಎದ್ದು ನಿಂತ. "ಮಾಸ್ತರ, ಕಂದಾಯದ ಮಾತಿಗೆ ಸೊಂಟ ಯಾಕ ಹಿಡದಾನ್ರಿ?"

ಇನ್ನೊಬ್ಬ ಕೂತಲ್ಲಿಂದಲೇ ಅಂದ: "ಹಂಗ ಹಿಡದ್ರ ನಾನೂ ಕಂದಾಯ ತುಂಬತೇನಿ ಬಿಡು."

ಮೂಡಲಗಿಯಲ್ಲಿ ಇನ್ನೂ ಕಷ್ಟ. ಗಂಡಸರ ಮೊದಲ ಸಾಲಿನಲ್ಲಿ ಅಪ್ಪನೇ ಬಂದು ಕೂತಿದ್ದ. ಕಂದಾಯ ಬಿಟ್ಟು, "ರಾಜರು ರಾಣಿಯವರ ಆರೋಗ್ಯ ವಿಚಾರಿಸುತ್ತಿದ್ದಾರೆ," ಎಂದೆ. ಹಿಂದಿನಿಂದ ಒಬ್ಬ ಮುದುಕ ಕನಿಕರದಿಂದ, "ಪಾಪ, ಜ್ವರ ಭಾಳ ಬಂದಿರಬೇಕು, ಹಣಿಗೆ ಹಣಿ ಹಚ್ಚಿ ನೋಡಾಕತ್ತಾನ," ಅಂದ. ಅಪ್ಪ ಮನೆಗೆ ಬಂದು ಮೂರು ದಿನ ನನ್ನ ಮುಖ ನೋಡಲಿಲ್ಲ. ಅವ್ವನಿಗೆ ಮಾತ್ರ ಚಿತ್ರ ಸೇರಿತ್ತು. ಕುದುರೆಗಳು ಚೆನ್ನಾಗಿದ್ದವು ಎಂದಳು.

ಹುಕ್ಕೇರಿಗೆ ಹೋದ ದಿನವೇ ಮಾವನವರು ಡೇರೆಗೆ ಬಂದರು. "ಊರಿಗೆ ಬಂದು ಮನಿಗೆ ಬರಲಿಲ್ಲಲ್ರಿ ಅಳಿಯಂದಿರ," ಎಂದರು. ಕರೆಯಲ್ಲಿ ಆದರ ಇತ್ತು, ಮುಖದಲ್ಲಿ ಇರಲಿಲ್ಲ. ಹೋದೆ. ಅವಳು ಹೊರಗೆ ಬರಲಿಲ್ಲ. ಒಳಗೆ ಎಲ್ಲೋ ಬಳೆಯ ಸದ್ದು ಬಂದು ನಿಂತಿತು, ಅಷ್ಟೇ. ಬಡಿಸಿದವಳು ಆಯಿ. ತಾಟಿಗೆ ರೊಟ್ಟಿ ಹಾಕಿ, ಮತ್ತೆ ಅದನ್ನು ತಾನೇ ಎತ್ತಿ ಹಿಡಿದು ತೋರಿಸಿದಳು.

"ಕೆಳಗ ಏನೂ ಇಲ್ರಿ ಮಾಸ್ತರ. ಅಂಜಬ್ಯಾಡ್ರಿ, ಊಟಾ ಮಾಡ್ರಿ."

ಮಾವನವರು, "ಏನಬೇ ಅದು?" ಎಂದರು. ಆಯಿ, "ನಿನಗಲ್ಲ," ಎಂದಳು. ಆ ರೊಟ್ಟಿಯನ್ನು ನಾನು ಹೇಗೆ ನುಂಗಿದೆನೋ. ಒಂದು ಮಾತು ಮಾತ್ರ ಖಚಿತವಾಯಿತು. ಅವಳು ಎಲ್ಲವನ್ನೂ ಆಯಿಗೆ ಹೇಳಿದ್ದಾಳೆ, ಮತ್ತು ಇವರು ನನಗೆ ವಿವರಿಸುವ ಅವಕಾಶವನ್ನೂ ಕೊಡುವುದಿಲ್ಲ.

ನಮ್ಮ ಡೇರೆಯ ಏರ್ಪಾಡು ಇಲ್ಲಿ ಹೇಳಬೇಕು. ಪರದೆಯನ್ನು ಡೇರೆಯ ನಟ್ಟನಡುವೆ ಕಟ್ಟುತ್ತಿದ್ದರು. ಈಚೆ ಗಂಡಸರು, ಆಚೆ ಹೆಂಗಸರು. ಆಟಕ್ಕೆ ಮೊದಲು ಬಟ್ಟೆಗೆ ನೀರು ಹೊಡೆದರೆ ಚಿತ್ರ ಆಚೆಗೂ ಮೂಡುತ್ತಿತ್ತು. ಬಲ ಎಡ ಅದಲುಬದಲಾಗುತ್ತಿತ್ತು, ಅಷ್ಟೇ. ನಾನು ಪರದೆಯ ತುದಿಯ ಬಿದಿರಿನ ಗಳ ಹಿಡಿದು ನಿಲ್ಲುತ್ತಿದ್ದೆ. ಅರ್ಧ ಮೈ ಗಂಡಸರಿಗೆ, ಅರ್ಧ ಮೈ ಹೆಂಗಸರಿಗೆ. ನನ್ನ ದನಿ ಮಾತ್ರ ಎರಡೂ ಕಡೆಗೆ ಇಡಿಯಾಗಿ.

ಆ ಸಂಜೆ ಮಾವನವರು ಈಚೆ ಬಂದು ಕೂತರು. ಆಚೆ ಆಯಿಯ ದನಿ ಕೇಳಿತು, ಆಯಿಯ ಪಕ್ಕ ಯಾರು ಕೂತಿರಬೇಕೆಂದು ಬಳೆ ಹೇಳಿತು. ಕುದುರೆ ಓಡಿದವು, ಯುದ್ಧವಾಯಿತು, ಚಾಡಿ ಹೇಳುವವ ಚಾಡಿ ಹೇಳಿದ. ತೋಟದ ಮನೆ ಬಂತು. ರಾಣಿ ಬೆನ್ನು ತಿರುಗಿಸಿ ನಿಂತಿದ್ದಳು. ರಾಜ ಹತ್ತಿರ ಬಂದು ಬಾಯಿ ತೆರೆದ.

ಕಂದಾಯ ಅನ್ನಬೇಕೆಂದೇ ಇದ್ದೆ. ಆಣೆ ಮಾಡಿ ಹೇಳುತ್ತೇನೆ, ನಾಲಿಗೆಯ ತುದಿಯಲ್ಲಿ ಕಂದಾಯವೇ ಇತ್ತು.

"ರಾಜಾ ಅಂತಾನ," ಎಂದೆ. ಪುಸ್ತಕದ ಭಾಷೆ ಎಲ್ಲಿ ಹೋಯಿತೋ, ಮನೆಯ ಮಾತೇ ಬಂತು. "ರಾಣೀ, ಆ ದಿನಾ ನಾ ತಾಟು ಸರಿಸಿದ್ದು ನೀ ಕೊಟ್ಟದ್ದು ಬ್ಯಾಡಂತಲ್ಲ."

"ಯಾವ ತಾಟೋ?" ಎಂದು ಗಂಡಸರಲ್ಲಿ ಯಾರೋ ಪಕ್ಕದವನನ್ನು ಕೇಳಿದರು. "ಮೊದಲ ಬಂದಿರಬೇಕು, ನೀ ನಿದ್ದಿ ಮಾಡಿದ್ದಿ," ಎಂದು ಪಕ್ಕದವ ಹೇಳಿದ.

"ನಮ್ಮವ್ವ ಬಾಗಲದಾಗ ಬಂದು ನಿಂತಿದ್ದಳು. ರೊಟ್ಟಿ ಎತ್ತಿದ್ರ ಕೆನಿ ಕಾಣತಿತ್ತು. ಕಂಡಿದ್ರ ನಿನಗ ಬೈತಿದ್ದಳು. ನಿನಗ ಬೈಗಳಾ ಬ್ಯಾಡಂತ ಸರಿಸಿದೆ."

ಡೇರೆ ಒಮ್ಮೆಲೇ ಹೊಯ್ಯೆಂದಿತು. "ಏ, ರಾಜಾ ಅವ್ವಗ ಅಂಜತಾನಲೇ!"

"ಅಂಜದ ಏನ ಮಾಡತಾನ? ದಂಡು ಗೆದ್ದರ ಅವ್ವ ಬಿಡತಾಳೇನು?"

"ಅರಮನ್ಯಾಗ ರೊಟ್ಟಿ ತಿಂತಾರೇನ್ರಿ ಮಾಸ್ತರ?"

"ಮತ್ತೇನ ಮುತ್ತ ತಿಂತಾರೇನು? ಸುಮ್ಮ ಕುಂಡರೋ!"

ನನಗೆ ಹಿಂತಿರುಗುವ ದಾರಿ ಉಳಿದಿರಲಿಲ್ಲ. ರಾಜನ ತುಟಿ ಇನ್ನೂ ಆಡುತ್ತಿತ್ತು. ಅವನು ಅಷ್ಟು ಹೊತ್ತು ಮಾತಾಡಿದ್ದು ನನ್ನ ಪುಣ್ಯ. "ನೀ ಹೋದಮ್ಯಾಲ," ಎಂದೆ, "ದಿನಾ ರೊಟ್ಟಿ ಎತ್ತಿ ನೋಡತೇನಿ. ಕೆಳಗ ಬರೇ ತಾಟ ಕಾಣತೈತಿ."

ಯಾರೂ ನಗಲಿಲ್ಲ. ಯಂತ್ರದ ಹಿಡಿಕೆ ತಿರುಗುವ ಗರಗರ ಸದ್ದೊಂದೇ. ಪರದೆಯ ಮೇಲೆ ರಾಣಿ ಈ ಕಡೆ ತಿರುಗಿದಳು. ಅವಳ ತುಟಿ ಆಡಿತು. ಈಗ ನಾನು ಅವಳ ಮಾತು ಹೇಳಬೇಕು. ಹೇಳಲಾಗಲಿಲ್ಲ. ರಾಜನ ಮನಸ್ಸಿನಲ್ಲಿ ಏನಿತ್ತೆಂದು ನನಗೆ ಗೊತ್ತಿತ್ತು, ರಾಣಿಯದು ಗೊತ್ತಿರಲಿಲ್ಲ. ಅದನ್ನು ತಿಳಿಯಲೆಂದೇ ಅಲ್ಲವೇ ನಾನು ಮೂಡಲಗಿಯಿಂದ ಇಲ್ಲಿಗೆ ಬಂದದ್ದು?

"ಯಾಕ ಸುಮ್ಮ ನಿಂತೀರಿ ಮಾಸ್ತರ?" ಆಚೆಯಿಂದ ಆಯಿ ಕೂಗಿದಳು. "ಆಕಿ ಬಾಯಿ ಆಡಸಾಕತ್ತಾಳ. ಏನಂತಾಳ?"

"ಗೊತ್ತಿಲ್ರಿ ಆಯಿ," ಎಂದೆ.

ಗಂಡಸರು ನಕ್ಕರು. ಆಚೆ ಮಾತ್ರ ಗುಸುಗುಸು ಆಯಿತು. ಬಳೆಯ ಸದ್ದು. ಹರೆಯದ ಮಗಳು, ತನ್ನ ಅಪ್ಪ ಈಚೆ ಕೂತಿರುವಾಗ, ತಾನಾಗಿ ದನಿ ತೆಗೆಯುವಂತಿಲ್ಲ. ಆದರೆ ಆಯಿಯ ಕಿವಿ ಇತ್ತಲ್ಲ. ಆಯಿಯ ಬಾಯಿಯೂ ಇತ್ತು.

"ನಿಮಗ ಗೊತ್ತಿಲ್ಲಂದ್ರ ನಾ ಹೇಳತೇನಿ ಕೇಳ್ರಿ," ಎಂದಳು ಆಯಿ. "ರಾಣಿ ಅಂತಾಳ, ಇಷ್ಟ ಹೇಳಾಕ ಇಷ್ಟ ದಿನಾ ಬೇಕಾತೇನ್ರಿ, ಅಂತಾಳ."

ಮತ್ತೆ ಗುಸುಗುಸು.

"ಮತ್ತ ಅಂತಾಳ, ಕರಿಯಾಕ ಅಪ್ಪನ್ನ ಕಳಸಬ್ಯಾಡ್ರಿ, ನೀವ ಬರ್ರಿ, ಅಂತಾಳ."

ಅಷ್ಟರಲ್ಲಿ ರಾಜ ರಾಣಿಯ ಸೊಂಟ ಬಳಸಿದ, ಮುಖದ ಹತ್ತಿರ ಮುಖ ತಂದ, ಮಾಲಕರು ಅಂಗೈ ಅಡ್ಡ ಹಿಡಿದರು. ಡೇರೆ ಕತ್ತಲೆಯಾಯಿತು. ಆ ದಪ್ಪ ಅಂಗೈಯನ್ನು ನಾನು ಈಗಲೂ ನೆನೆಯುತ್ತೇನೆ. ನನ್ನ ಮುಖ ಆಗ ಹೇಗಿತ್ತೋ, ಯಾರೂ ನೋಡುವ ಹಾಗಿರಲಿಲ್ಲ.

ಆಟ ಮುಗಿದ ಮೇಲೆ ಮಾಲಕರು ಎಲೆ ಅಗಿಯುತ್ತ ಬಂದರು. ಬೈಯುತ್ತಾರೆಂದು ನಾನು ಕ್ಷಮೆಯ ಮಾತು ಹೊಂದಿಸಿಕೊಂಡು ನಿಂತಿದ್ದೆ. "ಮಾಸ್ತರ, ಈ ಪಿಚ್ಚರ್ ನಾ ಎಷ್ಟ ಊರಾಗ ತೋರಿಸೇನಿ," ಎಂದರು. "ಇದರಾಗ ರೊಟ್ಟಿ ಎಲ್ಲೈತ್ರಿ? ನನಗ ಒಂದಿನಾನೂ ಕಾಣಲಿಲ್ಲ." ನನ್ನ ಮುಖ ನೋಡಿ ಏನು ತಿಳಿದುಕೊಂಡರೋ, ಬೆನ್ನ ಮೇಲೆ ಒಂದು ಏಟು ಹಾಕಿ, "ಇರಲಿ, ನಾಳೀನೂ ಅದನ್ನ ಹೇಳ್ರಿ," ಎಂದು ಹೋದರು.

ಮರುದಿನ ಬೆಳಿಗ್ಗೆ ನಾನೇ ಮಾವನವರ ಮನೆಗೆ ಹೋದೆ. ದಾರಿಯಲ್ಲಿ ಹಿಂದಿರುಗಬೇಕೆಂದು ಅನ್ನಿಸಿದ್ದು ಒಂದೆರಡು ಸಲವಲ್ಲ. ಅವರು ಲಿಂಗಪೂಜೆ ಮುಗಿಸಿ ವಿಭೂತಿ ಹಚ್ಚಿಕೊಂಡು ಪಡಸಾಲೆಯಲ್ಲಿ ಕೂತಿದ್ದರು.

"ಕರಿಯಾಕ ಬಂದೇನ್ರಿ ಮಾವಾರ," ಎಂದೆ. ನನ್ನ ದನಿ ಡೇರೆಯಲ್ಲಿದ್ದಷ್ಟು ಗಟ್ಟಿಯಾಗಿರಲಿಲ್ಲ.

ಅವರು ವಿಭೂತಿಯ ಬಟ್ಟಲನ್ನು ಪಕ್ಕಕ್ಕಿಟ್ಟರು. ಆಮೇಲೆ, "ನಿಮ್ಮ ರಾಜಾ ಶಾಣ್ಯಾ ಅಲ್ಲ ಬಿಡ್ರಿ," ಎಂದರು. "ಆದ್ರ ಖರೆ ಹೇಳತಾನ ಅನಸತೈತಿ." ಒಳಗೆ ತಿರುಗಿ, "ಊಟಕ್ಕ ಹಾಕ್ರಿ ಅಳಿಯಂದಿರಗ," ಎಂದರು.

ಈ ಸಲ ತಾಟು ತಂದವಳು ಅವಳು. ಸೆರಗು ಹಣೆಯವರೆಗೆ ಎಳೆದಿದ್ದಳು. ನನಗೆ ಕಂಡದ್ದು ಕೈ ಮಾತ್ರ. ರೊಟ್ಟಿ ಹಾಕಿ ಒಳಗೆ ಹೋಗಿ ಬಾಗಿಲ ಹಿಂದೆ ನಿಂತಳು. ನಾನು ರೊಟ್ಟಿಯ ತುದಿ ಎತ್ತಿದೆ. ಕೆಳಗೆ ಬೆಳ್ಳಗೆ ಕೆನೆ. ಮಾವನವರು ಎದುರಿಗೇ ಕೂತಿದ್ದರು, ಆಯಿ ಹೊಸ್ತಿಲಲ್ಲಿ. ನಾನು ರೊಟ್ಟಿಯನ್ನು ಪೂರ್ತಿ ಎತ್ತಿ ಪಕ್ಕಕ್ಕಿಟ್ಟು, ಎಲ್ಲರಿಗೂ ಕಾಣುವಂತೆ ಕೆನೆಗೆ ತುತ್ತು ಅದ್ದಿ ತಿಂದು, ಬಾಗಿಲ ಕಡೆಗೆ ಹೇಳಿದೆ: "ಭಾಳ ಚಲೋ ಐತಿ."

ಅದು ಹಿರಿಯರ ಮುಂದೆ ನಾನು ನನ್ನ ಹೆಂಡತಿಗೆ ಆಡಿದ ಮೊದಲ ಮಾತು. ಆಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಮಾವನವರು ಒಮ್ಮೆಲೇ ನೀರು ಕೇಳಿದರು.

ಹುಕ್ಕೇರಿಯ ಆಟಗಳು ಮುಗಿಯುವವರೆಗೂ ನಾನು ಅದನ್ನೇ ಹೇಳುತ್ತಿದ್ದೆ. ಬೇರೆ ಮಾತು ಹೇಳಿದರೆ ಮಂದಿ ಬಿಡುತ್ತಿರಲಿಲ್ಲ, ಪಕ್ಕದ ಹತ್ತರಗಿಯಿಂದ ಗಾಡಿ ಕಟ್ಟಿಕೊಂಡು ಬಂದವರು ಯುದ್ಧದ ನಡುವೆಯೇ, "ರೊಟ್ಟಿ ಯಾವಾಗ ಬರತೈತ್ರಿ ಮಾಸ್ತರ?" ಎಂದು ಕೂಗುತ್ತಿದ್ದರು. ಆಮೇಲೆ ಒಂದು ಬೆಳಿಗ್ಗೆ ನಾವಿಬ್ಬರೂ ಮಾವನವರ ಚಕ್ಕಡಿಯಲ್ಲಿ ಹೊರಟೆವು. ಎತ್ತು ಹೊಡೆಯುವ ಮುದುಕನಿಗೆ ಕಿವಿ ಅಷ್ಟಾಗಿ ಕೇಳುತ್ತಿರಲಿಲ್ಲ. ಆಯಿ ಬೇಕೆಂದೇ ಅವನನ್ನು ಆರಿಸಿದ್ದಳೆಂದು ನನ್ನ ನಂಬಿಕೆ. ಚಕ್ಕಡಿಯ ಅಚ್ಚು ಮುರಿದೀತೆಂಬ ಚಿಂತೆ ಒಂದು ಇತ್ತು. ಅದನ್ನು ಬಿಟ್ಟರೆ ನನ್ನ ಜೀವನದಲ್ಲಿ ಅಷ್ಟು ನಿಶ್ಚಿಂತನಾಗಿ ನಾನು ಯಾವ ದಾರಿಯಲ್ಲೂ ಹೋಗಿಲ್ಲ. ಬಿಸಿಲು ಏರುವವರೆಗೂ ಅವಳು ಹಿಂದೆ ಸರಿಯುವ ದಾರಿ ನೋಡುತ್ತ ಕೂತಳು. ಆಮೇಲೆ ಕೇಳಿದಳು:

"ಖರೇನ ಆ ರಾಜಾ ಏನಂದಿದ್ದ?"

"ಯಾರಿಗ ಗೊತ್ತು. ಯಾಕ, ಅಂವ ಚಲೋ ಕಂಡನೇನು?"

"ನಾ ಅವನ್ನ ನೋಡಲಿಲ್ರಿ. ಗಳಾ ಹಿಡಿದ ನಿಮ್ಮ ಕೈ ನಮ್ಮ ಕಡೆ ಕಾಣತಿತ್ತು. ನಡಗಾಕತ್ತಿತ್ತು. ಅದನ್ನ ನೋಡಕೋತ ಕುಂತಿದ್ದೆ."

ಅಲ್ಲಿಂದ ಮಾತು ಹತ್ತಿತು. ಏನೇನು ಮಾತಾಡಿದೆವೆಂದು ಬರೆಯುವುದಿಲ್ಲ. ಮಾಲಕರ ಅಂಗೈ ಇಲ್ಲಿಗೂ ಒಂದು ಇರಲಿ. ಕಲ್ಲೋಳಿ ದಾಟಿದ ಮೇಲೆ ಅವಳು ಸೆರಗನ್ನು ಮುಂದೆಳೆದು, ನನ್ನಿಂದ ಒಂದು ಮೊಳ ದೂರ ಸರಿದು, ಸೊಸೆಯಾಗಿ ಕೂತಳು.

ಮೂಡಲಗಿಯಲ್ಲಿ ನಮಗಿಂತ ಮೊದಲೇ ಸುದ್ದಿ ಬಂದಿತ್ತು. ಅವ್ವ ಬಾಗಿಲಲ್ಲಿ ನಿಂತಿದ್ದಳು. ಅವ್ವ ಸೊಸೆಯ ಕಾಲಿಗೆ ನೀರು ಕೊಟ್ಟಳು, ನನಗೆ ಕೊಡಲಿಲ್ಲ.

"ಬೆಣ್ಣಿ ಕಡಿಮಿ ಬಂದ್ರ ಕೆನಿ ಎಲ್ಲಿ ಹೊಂಟೈತಿ ಅಂತ ತಿಳಿಲಾರದಷ್ಟು ಹುಚ್ಚಿ ಅದೇನೇನೋ ನಾ?" ಎಂದಳು. "ಬೈಬೇಕಂದಿದ್ರ ಮೊದಲನೇ ದಿನಾನ ಬೈತಿದ್ದೆ. ಆ ರೊಟ್ಟಿ ಕೆಳಗಿನ ಜಾಗಾ ನಿಮಗಿಂತ ಮೊದಲ ನನಗ ಗೊತ್ತೈತಿ."

ಅಪ್ಪ ಇದ್ದಕ್ಕಿದ್ದಂತೆ ಮನೆಯ ಜಂತಿಗಳನ್ನು ಪರೀಕ್ಷಿಸತೊಡಗಿದ.

ಇದೆಲ್ಲ ಈಗ ಹಳೆಯದಾಯಿತು. ಅಪ್ಪ, ಅವ್ವ, ಆಯಿ ಯಾರೂ ಇಲ್ಲ. ಚಿತ್ರಗಳಿಗೆ ಬಾಯಿ ಬಂದಿದೆ. ಪರದೆಯ ಪಕ್ಕ ಗಳ ಹಿಡಿದು ನಿಲ್ಲುವವರು ಯಾರಿಗೂ ಬೇಡ. ಮೊನ್ನೆ ಗೋಕಾಕಿನಿಂದ ಮನೆಗೆ ಬಂದಾಗ ಕೀಲಿ ಸರಿಯಾಗಿಯೇ ಹಾಕಿತ್ತು. ರಾತ್ರಿಯ ಊಟಕ್ಕೆ ಕೂತಾಗ ಮನೆಯಲ್ಲಿ ನಮ್ಮಿಬ್ಬರನ್ನು ಬಿಟ್ಟರೆ ಬೇರೆ ಯಾರೂ ಇರಲಿಲ್ಲ, ಮುಚ್ಚಿಡುವ ಕಾರಣವೂ ಇರಲಿಲ್ಲ. ಆದರೂ ಅವಳು ಕೆನೆಯನ್ನು ರೊಟ್ಟಿಯ ಕೆಳಗೇ ಇಟ್ಟಿದ್ದಳು.

ಆ ಮೂಕ ರಾಜ ಯಾರೋ ನನಗೆ ತಿಳಿಯದು. ಅವನು ಅಂದು ತೋಟದಲ್ಲಿ ನಿಜವಾಗಿ ಏನು ಮಾತಾಡಿದ್ದನೋ. ಬಿಸಿಲು ಜಾಸ್ತಿ, ಬೇಗ ಮುಗಿಸಿರಿ ಎಂದಿದ್ದರೂ ಎಂದಿರಬಹುದು. ಎಲ್ಲಿಯಾದರೂ ಇದ್ದರೆ ಚೆನ್ನಾಗಿರಲಿ. ಬೇಕಾದಷ್ಟು ಹೊತ್ತು ತುಟಿ ಆಡಿಸಿ, ಬೇಕಾದಷ್ಟು ಜಾಗವನ್ನು ನನಗೆ ಬಿಟ್ಟುಕೊಟ್ಟ.